ಸದಾನಂದ ಅಂಕಲ್ ಮರೆತಿರಲಿಲ್ಲ

ಕಳೆದ ವಾರ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ನಮ್ಮ ಮನೆಯ ಗ್ಯಾರೇಜನ್ನು ಒಪ್ಪ ಮಾಡಲು ಹೊರಟಿದ್ದೆ. ಆಗಸ್ಟಿನ ಬಿಸಿಲಿಗೆ ಗ್ಯಾರೇಜಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಗೋಡೆಗೆ ಒತ್ತಿಟ್ಟಿದ್ದ ಪ್ಲಾಸ್ಟಿಕ್ ಡಬ್ಬವೊಂದರ ಮುಚ್ಚಳ ತೆಗೆದರೆ ಒಳಗೆ ದಪ್ಪನೆಯ ಕೆಂಪು ಕೋಟು. ಆರು ವರ್ಷವಾದರೂ ಅದರಿಂದ ಡೀಸೆಲ್ಲಿನ, ಉಪ್ಪುನೀರಿನ, ಒದ್ದೆ ಉಣ್ಣೆಯ ವಾಸನೆ ಹೋಗಿರಲಿಲ್ಲ. ಮುಚ್ಚಳ ಹಾಕಿ ಡಬ್ಬದ ಮೇಲೆಯೇ ಕುಳಿತುಬಿಟ್ಟೆ. ಮುಖವೆಲ್ಲ ಬಿಸಿಯಾಗಿತ್ತು, ಬಿಸಿಲಿಗೆ ಎಂದುಕೊಳ್ಳಲು ನನಗೆ ಆಗಲಿಲ್ಲ.

ಆ ಕೋಟು ಹಾಕಿಕೊಂಡು ನಾನು ಆರ್ಕ್ಟಿಕ್ ಸಮುದ್ರದಲ್ಲಿ ಏಳು ವಾರ ಕಳೆದಿದ್ದೆ. ಹಬ್ಬದ ಊಟದ ಸಾಲಿನಲ್ಲಿ ಯಾರಾದರೂ "ಇವ್ರು ನಾರ್ತ್ ಪೋಲ್ ಹತ್ರ ಹೋಗ್ಬಂದಿದಾರೆ ಕಣ್ರೀ" ಎಂದು ಪರಿಚಯಿಸಿದರೆ ಹಿಮಕರಡಿಯ ಕಥೆ ಹೇಳಿ ಮಾತು ಮುಗಿಸುತ್ತೇನೆ. ಹಿಮಕರಡಿಯನ್ನು ನಾನು ನೋಡಿದ್ದು ಒಂದೇ ಸಲ, ಎರಡು ನಿಮಿಷ. ಆ ಬೇಸಿಗೆಯಲ್ಲಿ ನಡೆದದ್ದು ಬೇರೆ. ಅದನ್ನು ಪೂರ್ತಿಯಾಗಿ ಬರೆದಿಡಬೇಕು ಎನಿಸಿತು.

ಆಗ ನಾವು ಹ್ಯೂಸ್ಟನ್‌ನ ಕ್ಲಿಯರ್ ಲೇಕ್‌ನಲ್ಲಿದ್ದೆವು. ನನ್ನ ಗಂಡ ಗುರುರಾಜ್ ಧಾರವಾಡದವರು, ಸಾಫ್ಟ್‌ವೇರ್ ಕೆಲಸ. ನಾನು ಮೈಸೂರಿನವಳು. ಸಮುದ್ರದ ತಳವನ್ನು ಅಳೆಯುವ ಒಂದು ಕಂಪನಿಯಲ್ಲಿದ್ದೆ. ಹ್ಯೂಸ್ಟನ್ ಕಡೆಯ ಗಲ್ಫ್ ಸಮುದ್ರದಲ್ಲಿ ತೈಲದ ಪೈಪುಗಳನ್ನು ಎಲ್ಲಿ ಹಾಯಿಸಬೇಕು ಎಂದು ಹೇಳುವುದು ನಮ್ಮ ಕೆಲಸ. ಅಲ್ಲಿ ನನಗೆ ಕೆಲಸ ಕಲಿಸಿದವರು ಸದಾನಂದ ಅಂಕಲ್. ಉಡುಪಿ ಕಡೆಯವರು. ಮೀನುಗಾರಿಕೆಯ ಬೋಟುಗಳ ರೇಡಿಯೋ ರಿಪೇರಿಯಿಂದ ಶುರು ಮಾಡಿ, ಹಡಗುಗಳ ಎಲೆಕ್ಟ್ರಾನಿಕ್ಸ್ ಕೆಲಸ ಹಿಡಿದು ಊರೂರು ಸುತ್ತಿ, ಕೊನೆಗೆ ಹ್ಯೂಸ್ಟನ್‌ನಲ್ಲಿ ನೆಲೆಯಾದವರು. ಕಾಗದದ ಮೇಲೆ ನನಗಿಂತ ಕಡಿಮೆ ಓದಿದವರು, ಕೈಕೆಲಸದಲ್ಲಿ ನಮ್ಮೆಲ್ಲರ ಗುರು.

ಅವರ ನೆನಪಿನ ಶಕ್ತಿ ಕಂಪನಿಯಲ್ಲಿ ಹೆಸರುವಾಸಿ. ಹದಿನೈದು ವರ್ಷದ ಹಿಂದೆ ಯಾವ ಹಡಗಿನಲ್ಲಿ ಯಾವ ಬಣ್ಣದ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿತ್ತು ಎಂದು ಕೇಳಿದರೂ ಹೇಳುತ್ತಿದ್ದರು. ಸಮುದ್ರದ ಮಧ್ಯದಿಂದ ಫೋನ್ ಬರುತ್ತಿತ್ತು. ಇವರು ಕಣ್ಣು ಮುಚ್ಚಿ, "ಎಡಗಡೆಯ ಪೆಟ್ಟಿಗೆ, ಮೂರನೇ ಸಾಲು" ಎಂದು ಹೇಳಿ ಫೋನ್ ಇಡುತ್ತಿದ್ದರು. ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಭವೂ ಇತ್ತು. ಅದೊಂದೇ ಜಂಭ.

ಆ ವರ್ಷ ಒಂದು ಸಂಶೋಧನೆಯ ಹಡಗಿಗೆ ಸೋನಾರ್ ಗೊತ್ತಿದ್ದ ಇಬ್ಬರು ಬೇಕಾಗಿದ್ದರು. ಮಂಜುಗಡ್ಡೆಯನ್ನು ಒಡೆದುಕೊಂಡು ಹೋಗುವ ಹಡಗು, ಅಲಾಸ್ಕಾದ ಬಂದರಿನಿಂದ ಹೊರಟು ಆರ್ಕ್ಟಿಕ್ ಸಮುದ್ರದ ತಳದ ನಕ್ಷೆ ಮಾಡುವುದಿತ್ತು. ಕಂಪನಿ ಅಂಕಲ್‌ರನ್ನು ಕೇಳಿತು. ಅವರು ಇನ್ನೊಂದು ಹೆಸರಾಗಿ ನನ್ನದನ್ನು ಕೊಟ್ಟರು.

"ಗಲ್ಫಿನ ಕೆಸರು ನೋಡಿ ನೋಡಿ ಎಂತ ಸಿಗ್ತದೆ ಮಾರಾಯ್ತಿ?" ಎಂದರು. "ಯಾರೂ ನೋಡದ ನೆಲ ನೋಡುವ, ಬಾ. ನನಗೂ ಇದು ಕೊನೆಯ ದೊಡ್ಡ ಟ್ರಿಪ್ಪು."

ಮಗಳು ಅನಘಾಗೆ ಆಗ ನಾಲ್ಕು ವರ್ಷ. ನಾನು ಹಿಂದೆ ಮುಂದೆ ನೋಡುತ್ತಿದ್ದಾಗ ಅಂಕಲ್‌ರ ಹೆಂಡತಿ ವಾರಿಜಾ ಆಂಟಿ, "ನೀನು ಹೋಗು, ಇವರಿಬ್ಬರ ಊಟ ನಾನು ನೋಡ್ಕೊಳ್ತೇನೆ" ಎಂದರು. ಹೇಳಿದ್ದು ಬಾಯಿಮಾತಿಗಲ್ಲ. ಏಳು ವಾರ, ದಿನ ಬಿಟ್ಟು ದಿನ, ಎರಡು ಬೀದಿ ಆಚೆಯಿಂದ ನಡೆದು ಬಂದು ನಮ್ಮ ಮನೆಗೆ ಸಾರು, ಪಲ್ಯ, ಅನಘಾಗೆ ಇಷ್ಟದ ನೀರುದೋಸೆ ತಂದುಕೊಟ್ಟರು. ಇದನ್ನು ಇಲ್ಲಿಯೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನಾನು ಮಾಡಿದ್ದು ಆ ಊಟ ನನ್ನ ಮನೆ ತಲುಪುತ್ತಿದ್ದ ದಿನಗಳಲ್ಲೇ.

ಹಡಗಿನ ಮೊದಲ ಎರಡು ವಾರ ನನಗೆ ಕನಸಿನ ಹಾಗೆ ನೆನಪಿದೆ. ಸೂರ್ಯ ಮುಳುಗುತ್ತಲೇ ಇರಲಿಲ್ಲ, ಆಕಾಶದ ಅಂಚಿನಲ್ಲಿ ಸುಮ್ಮನೆ ಸುತ್ತು ಹಾಕುತ್ತಿದ್ದ. ಮಂಜುಗಡ್ಡೆ ಹಡಗಿನ ಮೈಗೆ ಉಜ್ಜುವಾಗ ಹತ್ತಾರು ಲಾರಿಗಳಿಂದ ಒಟ್ಟಿಗೆ ಜಲ್ಲಿ ಸುರಿದ ಹಾಗೆ ಸದ್ದು. ದಪ್ಪ ಗಡ್ಡೆ ಸಿಕ್ಕರೆ ಹಡಗು ಹಿಂದೆ ಸರಿದು, ಮತ್ತೆ ನುಗ್ಗಿ, ಅದರ ಮೇಲೆ ಹತ್ತಿ ಕೂತು ತನ್ನ ಭಾರದಿಂದಲೇ ಒಡೆಯುತ್ತಿತ್ತು. ಮೇಜಿನ ಮೇಲಿದ್ದ ಕಾಫಿ ಲೋಟಗಳು ಜಾರುತ್ತಿದ್ದವು. ಈ ಗದ್ದಲದ ನಡುವೆ ಸೋನಾರಿನ ಸಣ್ಣ ಚಿಲಿಪಿಲಿ, ಕೆಲವು ಸೆಕೆಂಡಿಗೊಮ್ಮೆ, ಹಗಲೂ ರಾತ್ರಿ. ಕೆಳಗಿನ ಕ್ಯಾಬಿನ್‌ಗಳಲ್ಲಿ ಮಲಗಿದರೆ ಗೋಡೆಯೊಳಗೆ ಹಕ್ಕಿ ಇದೆ ಎನಿಸುತ್ತಿತ್ತು.

ಹಡಗಿನ ತಳದಿಂದ ಸದ್ದನ್ನು ಬೀಸಣಿಗೆಯ ಹಾಗೆ ಅಗಲವಾಗಿ ಕೆಳಕ್ಕೆ ಕಳಿಸುವುದು, ಅದು ತಳಕ್ಕೆ ಬಡಿದು ಮರಳಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಆಳ ತಿಳಿಯುವುದು. ಸೋನಾರ್ ಎಂದರೆ ಇಷ್ಟೇ. ಮೂರು ಕಿಲೋಮೀಟರಿಗೂ ಆಳದ ನೆಲ ಬಣ್ಣ ಬಣ್ಣದ ಪಟ್ಟಿಯಾಗಿ ಪರದೆಯ ಮೇಲೆ ಮೂಡುತ್ತಿತ್ತು. ಹಳೆಯ ನಕ್ಷೆಯಲ್ಲಿ ಬರೀ ನೀಲಿ ಇದ್ದ ಕಡೆ ಒಂದು ದಿನ ಉದ್ದನೆಯ ಕಣಿವೆಯೊಂದು ಕಾಣಿಸಿತು. ಅಂಕಲ್ ತಮ್ಮ ಕುರ್ಚಿಯಿಂದ ಎದ್ದು ನಿಂತೇ ನೋಡಿದರು. "ನೋಡು, ಇದನ್ನು ನೋಡುವ ಮೊದಲ ಮನುಷ್ಯರು ನಾವು" ಎಂದು ಮೆಲ್ಲಗೆ ಹೇಳಿ, ಆಮೇಲೆ ಚಟ್ನಿಪುಡಿಯ ಡಬ್ಬಿ ತೆಗೆದು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದರು. ಅದು ಅವರ ಸಂಭ್ರಮ.

ಆದರೆ ಈ ಕೆಲಸದಲ್ಲಿ ಒಂದು ತೊಡಕಿದೆ. ನೀರಿನಲ್ಲಿ ಸದ್ದು ಎಲ್ಲ ಕಡೆ ಒಂದೇ ವೇಗದಲ್ಲಿ ಹೋಗುವುದಿಲ್ಲ. ನೀರು ತಣ್ಣಗಿದ್ದರೆ, ಉಪ್ಪು ಕಡಿಮೆಯಿದ್ದರೆ ನಿಧಾನ. ಕರಗುವ ಮಂಜುಗಡ್ಡೆಯ ಸುತ್ತ ಪದರ ಪದರಕ್ಕೂ ನೀರು ಬೇರೆ, ಸದ್ದು ಬಾಗುತ್ತದೆ. ಆದ್ದರಿಂದ ಹೊಸ ಜಾಗಕ್ಕೆ ಬಂದಾಗಲೆಲ್ಲ ನೀರನ್ನು ಅಳೆಯಬೇಕು. ಗೇಣುದ್ದದ ಪ್ರೋಬ್ ಒಂದನ್ನು ಹಡಗಿನ ಹಿಂಭಾಗದಿಂದ ನೀರಿಗೆ ಬಿಡುತ್ತಿದ್ದೆವು. ಅದು ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಬಿಚ್ಚಿಕೊಳ್ಳುತ್ತ ಕೆಳಗಿಳಿದು ಲೆಕ್ಕ ಕಳಿಸುತ್ತದೆ. ತಂತಿಗೆ ಮಂಜುಗಡ್ಡೆ ತಾಗಿದರೆ ಮುಗಿಯಿತು, ಪ್ರೋಬ್ ಹೋಯಿತು. ನೀರಿಗೆ ಬಿಟ್ಟು ಆ ಲೆಕ್ಕದ ಫೈಲನ್ನು ಪೆನ್ ಡ್ರೈವ್‌ನಲ್ಲಿ ತಂದುಕೊಡುವುದು ನನ್ನ ಕೆಲಸ. ಅದನ್ನು ಸೋನಾರಿನ ಕಂಪ್ಯೂಟರಿಗೆ ಲೋಡ್ ಮಾಡುವುದು ಅಂಕಲ್‌ರ ಕೆಲಸ.

ಪ್ರೋಬ್‌ಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಮೂರನೇ ವಾರದ ಒಂದು ಬೆಳಗಿನ ಮೀಟಿಂಗಿನಲ್ಲಿ ಹಡಗಿನ ಮುಖ್ಯ ವಿಜ್ಞಾನಿ ಹೆಲೆನ್ ನಮಗೆಲ್ಲ ಎಚ್ಚರಿಕೆ ಹೇಳಿದರು. ಎತ್ತರದ, ಬಿಳಿಗೂದಲಿನ ಹೆಂಗಸು, ದನಿ ಎತ್ತಿ ಮಾತಾಡಿದ್ದೇ ಇಲ್ಲ. "ಸಮುದ್ರದ ಮುಂದಿನ ತುಂಡಿಗೆ ಒಂದೇ ಅಳತೆ ತೆಗೆಯೋಣ. ದಯವಿಟ್ಟು ಪ್ರೋಬ್ ಹಾಳು ಮಾಡಬೇಡಿ" ಎಂದರು. ಹೇಳುವಾಗ ನನ್ನ ಕಡೆ ನೋಡಿದರು ಎಂದು ನನಗೆ ಅನ್ನಿಸಿತು. ಹಿಂದಿನ ವಾರ ನನ್ನ ಕೈಯಲ್ಲಿ ಎರಡು ಹೋಗಿದ್ದವು.

ಅಂದು ಮಧ್ಯಾಹ್ನ ಗಾಳಿ ಎದ್ದಿತ್ತು. ಗ್ಲೌಸ್ ಹಾಕಿಕೊಂಡು ಪ್ರೋಬಿನ ಪಿನ್ ಎಳೆಯಲಾಗದೆ ತೆಗೆದೆ. ಬೆರಳುಗಳು ಮರದ ತುಂಡಾದವು. ಮೊದಲನೆಯದರ ತಂತಿ ಗಡ್ಡೆಗೆ ತಾಗಿ ತುಂಡಾಯಿತು. ಇನ್ನೊಂದು ತಂದೆ. ಅದೂ ಹೋಯಿತು. ನನ್ನ ಜೊತೆ ನಿಂತಿದ್ದ ನಾವಿಕ ಹಡಗಿನ ಮುಂಭಾಗದಿಂದ ಕರೆ ಬಂತೆಂದು ಹೋದ. ನಾನೊಬ್ಬಳೇ ಉಳಿದೆ. ಹೆಲೆನ್ ಹತ್ತಿರ ಹೋಗಿ "ಎರಡು ಹೋದವು, ಮೂರನೆಯದು ಬೇಕು" ಎನ್ನಬೇಕಿತ್ತು. ಅಷ್ಟೇ. ಅವರು ಒಂದು ಕ್ಷಣ ತುಟಿ ಬಿಗಿದು ಆಮೇಲೆ ಕೊಡುತ್ತಿದ್ದರು. ಆ ಒಂದು ಕ್ಷಣವನ್ನು ಎದುರಿಸಲು ನನಗೆ ಆಗಲಿಲ್ಲ. ಈ ಟ್ರಿಪ್ ಮುಗಿದರೆ ನನ್ನನ್ನು ತಂಡದ ಲೀಡ್ ಮಾಡುವ ಮಾತು ಕಂಪನಿಯಲ್ಲಿ ನಡೆದಿತ್ತು. ಹೆಲೆನ್‌ರ ಒಂದು ಒಳ್ಳೆಯ ಮಾತು ಬೇಕಾಗಿತ್ತು.

ಒಳಗೆ ಬಂದು ಲ್ಯಾಪ್‌ಟಾಪ್ ತೆರೆದು, ಎರಡು ದಿನದ ಹಿಂದೆ ತೆಗೆದ ಅಳತೆಯ ಫೈಲನ್ನು ನಕಲು ಮಾಡಿದೆ. ಸಮಯ, ಜಾಗ ಬದಲಿಸಿದೆ. ಅಲ್ಲೊಂದು ಇಲ್ಲೊಂದು ಅಂಕಿ ತಿದ್ದಿದೆ. ಹೊಸ ಹೆಸರಿಟ್ಟು ಪೆನ್ ಡ್ರೈವ್‌ಗೆ ಹಾಕಿ ಅಂಕಲ್‌ಗೆ ಕೊಟ್ಟೆ.

"ಕೈ ನೋಡು ಹೇಗೆ ಕೆಂಪಾಗಿದೆ" ಎಂದು ಅವರು ತಮ್ಮ ಬಿಸಿ ಚಹಾದ ಲೋಟವನ್ನು ನನ್ನ ಕೈಗಿತ್ತರು. ನಾನು ಅದನ್ನು ಹಿಡಿದುಕೊಂಡು ಅವರ ಪಕ್ಕದಲ್ಲೇ ನಿಂತಿದ್ದೆ. ಅವರು ಫೈಲ್ ಲೋಡ್ ಮಾಡಿದರು. ಹೆಸರನ್ನು ಗಟ್ಟಿಯಾಗಿ ಓದಿದರು. ಪೆನ್ ಡ್ರೈವ್ ಖಾಲಿ ಮಾಡಿ ನನಗೆ ವಾಪಸು ಕೊಟ್ಟರು. ಎಲ್ಲವನ್ನೂ ನಾನು ಕಣ್ಣಾರೆ ನೋಡಿದೆ.

ಎರಡು ದಿನ ಹಡಗು ಆ ತುಂಡಿನ ಮೇಲೆ ಹೋಗಿ ಬಂದು ಮಾಡಿತು. ಮೂರನೆಯ ದಿನ ನಾವು ಆ ಜಾಗ ಬಿಟ್ಟು ಮುಂದೆ ಬಂದಿದ್ದೆವು. ಬೆಳಿಗ್ಗೆ ಹೆಲೆನ್ ನಮ್ಮನ್ನು ನಕ್ಷೆಯ ಕೋಣೆಗೆ ಕರೆದರು. ಪರದೆಯ ಮೇಲೆ ಆ ತುಂಡಿನ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿದ್ದರು. ಯಾವ ಪಟ್ಟಿಯ ಅಂಚೂ ಪಕ್ಕದ್ದಕ್ಕೆ ಕೂಡುತ್ತಿರಲಿಲ್ಲ. ಚಪ್ಪಟೆ ನೆಲವೆಲ್ಲ ನೆನೆದು ಒಣಗಿದ ಚಾಪೆಯ ಹಾಗೆ ಅಂಚುಗಳಲ್ಲಿ ಮೇಲೆದ್ದಿತ್ತು.

"ಹಳೆಯ ಅಳತೆಯೇ ಓಡುತ್ತಿದ್ದ ಹಾಗಿದೆ" ಎಂದರು ಹೆಲೆನ್. "ಊಟ ಆದ ಮೇಲೆ ಫೈಲುಗಳನ್ನು ತೆರೆದು ನೋಡೋಣ. ಹೊಸ ಅಳತೆ ಇದ್ದರೆ ಎಲ್ಲ ಸರಿಮಾಡಬಹುದು, ಗಾಬರಿ ಬೇಡ."

ಊಟಕ್ಕೆ ಎಲ್ಲರೂ ಹೋದರು. ನಾನು ತಲೆನೋವು ಎಂದು ಉಳಿದೆ. ಫೈಲು ತೆರೆದರೆ ಅದು ಹಳೆಯದರ ನಕಲು ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಲ್ಯಾಪ್‌ಟಾಪಿನಿಂದ ಅದನ್ನು ಅಳಿಸಿದೆ. ಸೋನಾರಿನ ಕಂಪ್ಯೂಟರಿನಿಂದಲೂ ಅಳಿಸಿದೆ. ಅಂಕಲ್‌ರ ಕುರ್ಚಿಯ ಮೇಲೆ ಕುಳಿತೇ ಅಳಿಸಿದೆ; ಅದರ ಬೆನ್ನಿಗೆ ಅವರ ಬೂದು ಬಣ್ಣದ ಸ್ವೆಟರ್ ತೂಗಿತ್ತು. ಪ್ರೋಬ್ ಹಾಳಾದದ್ದನ್ನು ಮುಚ್ಚಿಟ್ಟದ್ದು ಭಯ ಎಂದು ನಾನು ನನಗೇ ಹೇಳಿಕೊಳ್ಳಬಲ್ಲೆ. ಇದಕ್ಕೆ ಅಂಥ ಹೆಸರು ಸಿಗುವುದಿಲ್ಲ. ಇದನ್ನು ಯೋಚಿಸಿ ಮಾಡಿದೆ.

ಊಟದ ನಂತರ ಹುಡುಕಿದಾಗ ಫೈಲು ಎಲ್ಲೂ ಇರಲಿಲ್ಲ. ಹೆಲೆನ್ ನನ್ನನ್ನು ನೋಡಿದರು.

"ಪೆನ್ ಡ್ರೈವ್‌ನಲ್ಲಿ ಇವರಿಗೆ ಕೊಟ್ಟಿದ್ದೆ" ಎಂದೆ. "ನನ್ನ ಹತ್ತಿರ ಒಂದು ಪ್ರತಿ ಇಟ್ಟುಕೊಳ್ಳಬೇಕಿತ್ತು. ನನ್ನದೇ ತಪ್ಪು."

ಆ ಕೊನೆಯ ಮಾತು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ. ಸಣ್ಣ ತಪ್ಪೊಂದನ್ನು ಒಪ್ಪಿಕೊಂಡು ನಾನು ಅಲ್ಲಿ ಒಳ್ಳೆಯವಳಾಗಿಬಿಟ್ಟೆ.

"ಲೋಡ್ ಮಾಡಿದ್ದೇನೆ. ನನಗೆ ನೆನಪುಂಟು" ಎಂದರು ಅಂಕಲ್, ಇಂಗ್ಲಿಷಿನಲ್ಲಿ. ಹೆಲೆನ್ ಮೆಲ್ಲಗೆ, "ಮಾಡಿದ್ದರೆ ಇಲ್ಲಿ ಇರಬೇಕಿತ್ತಲ್ಲ?" ಎಂದರು. ಅಂಕಲ್ ಪರದೆಯ ಹತ್ತಿರ ಬಗ್ಗಿ, ಫೈಲುಗಳ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನೆನಪುಂಟು ಅಂತ ಅನ್ನಿಸ್ತದೆ" ಎಂದರು, ಈ ಸಲ ಕನ್ನಡದಲ್ಲಿ, ನನ್ನ ಕಡೆ ತಿರುಗಿ.

ವಾಪಸು ಹೋಗಿ ಅಳೆಯಲು ಆಗಲಿಲ್ಲ. ಗಾಳಿಗೆ ಗಡ್ಡೆಗಳು ಒತ್ತೊತ್ತಾಗಿ ಆ ದಾರಿ ಮುಚ್ಚಿತ್ತು. ಆ ತುಂಡನ್ನು ನಕ್ಷೆಯಿಂದ ತೆಗೆದುಹಾಕಿದರು. ಹೆಲೆನ್ ಅಂಕಲ್‌ರನ್ನು ಬೈಯಲಿಲ್ಲ. ಇನ್ನು ಮುಂದೆ ಕಂಪ್ಯೂಟರಿನ ಕೆಲಸ ಬೇರೆಯವರು ನೋಡಿಕೊಳ್ಳಲಿ, ನೀವು ಬೇರೆ ಯಂತ್ರಗಳನ್ನು ನೋಡಿಕೊಳ್ಳಿ ಎಂದರು. ಬೈದಿದ್ದರೆ ಅಂಕಲ್ ಜಗಳವಾದರೂ ಆಡುತ್ತಿದ್ದರೋ ಏನೋ.

ಮರುದಿನ ಅವರು ಊಟದ ಕೋಣೆಯಲ್ಲಿ ನನ್ನ ಎದುರು ಬಂದು ಕುಳಿತರು. ತಟ್ಟೆಯಲ್ಲಿ ಏನೂ ಇರಲಿಲ್ಲ.

"ನೀನು ಕೊಟ್ಟದ್ದು ಹೌದಲ್ವಾ ಶೈಲಾ?"

"ಹೌದು ಅಂಕಲ್."

"ನಾನು ಆಮೇಲೆ ಎಂತ ಮಾಡಿದೆ? ನೀನು ಅಲ್ಲೇ ಇದ್ದಿಯಲ್ಲ?"

ನಿಜ ಹೇಳಲು ಇಲ್ಲಿ ಒಂದು ಬಾಗಿಲು ತೆರೆದಿತ್ತು. "ನಾನು ಆ ಕಡೆ ಹೋದೆ ಅಂಕಲ್, ನೋಡ್ಲಿಲ್ಲ" ಎಂದೆ.

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಚಹಾ ಕೊಟ್ಟದ್ದು ನೆನಪುಂಟು. ಫೈಲಿನ ಹೆಸರು ಓದಿದ್ದು ನೆನಪುಂಟು. ಅದು ಬೇರೆ ದಿನದ್ದಾ ಹಾಗಾದರೆ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಆಮೇಲೆ ಎದ್ದು ನಿಂತು, "ಕ್ಷಮಿಸು. ನಿನ್ನನ್ನು ಕರ್ಕೊಂಡು ಬಂದು ನಿನ್ನ ಹೆಸರೂ ಕೆಡಿಸಿದೆ" ಎಂದರು.

ನಾನು ಪರವಾಗಿಲ್ಲ ಅಂಕಲ್ ಎಂದೆ. ನಾನು, ಅವರಿಗೆ, ಪರವಾಗಿಲ್ಲ ಎಂದೆ.

ಉಳಿದ ವಾರಗಳಲ್ಲಿ ಅವರು ಪ್ರತಿ ಕೇಬಲ್ಲಿಗೂ ಟೇಪ್ ಸುತ್ತಿ ಹೆಸರು ಬರೆಯಲು ಶುರು ಮಾಡಿದರು. ಮಾಡಿದ ಪ್ರತಿ ಕೆಲಸಕ್ಕೂ ಇನ್ನೊಬ್ಬರನ್ನು ಕರೆದು "ನೋಡಿದಿರಲ್ಲ?" ಎಂದು ಕೇಳುತ್ತಿದ್ದರು. ಹಿಮಕರಡಿ ಕಂಡದ್ದು ಆ ದಿನಗಳಲ್ಲಿ. ಎಲ್ಲರೂ ಡೆಕ್ಕಿಗೆ ಓಡಿದೆವು. ತಿರುಗಿ ನೋಡಿದರೆ ಅಂಕಲ್ ಇಲ್ಲ. ಕೆಳಗೆ ಯಂತ್ರದ ಕೋಣೆಯಲ್ಲಿ ಬೀಗ ಹಾಕಿದೆನೋ ಇಲ್ಲವೋ ಎಂದು ಮೂರನೇ ಸಲ ನೋಡಲು ಹೋಗಿದ್ದರಂತೆ.

ಹ್ಯೂಸ್ಟನ್‌ಗೆ ಮರಳಿದ ತಿಂಗಳಲ್ಲೇ ಅವರು ಕೆಲಸ ಬಿಟ್ಟರು. ವರದಿಯಲ್ಲಿ ತಾಂತ್ರಿಕ ಸಿಬ್ಬಂದಿಯ ಮರೆವಿನಿಂದ ಒಂದು ಭಾಗದ ಮಾಹಿತಿ ನಷ್ಟವಾಯಿತು ಎಂಬ ಒಂದು ಸಾಲು ಇತ್ತು. ನಾನು ಲೀಡ್ ಆದೆ. ಎರಡು ವರ್ಷದ ಮೇಲೆ ಗುರುರಾಜ್‌ಗೆ ಆಸ್ಟಿನ್‌ನಲ್ಲಿ ಕೆಲಸವಾಗಿ ನಾವು ಫ್ಲೂಗರ್‌ವಿಲ್‌ಗೆ ಬಂದೆವು. ನಾನು ನಕ್ಷೆಯ ಸಾಫ್ಟ್‌ವೇರ್ ಬರೆಯುವ ಕಂಪನಿ ಸೇರಿದೆ. ವಾರಿಜಾ ಆಂಟಿ ಫೋನ್ ಮಾಡಿದರೆ ಮೀಟಿಂಗ್ ಎಂದೆ, ಹುಷಾರಿಲ್ಲ ಎಂದೆ. ಕ್ರಮೇಣ ಅವರೂ ಬಿಟ್ಟರು. ಗುರುರಾಜ್‌ಗೂ ನಾನು ಏನೂ ಹೇಳಿರಲಿಲ್ಲ.

ಹೋದ ವರ್ಷ ಹ್ಯೂಸ್ಟನ್ ಹತ್ತಿರದ ಸೈಪ್ರೆಸ್‌ನಲ್ಲಿ ಸ್ನೇಹಿತರೊಬ್ಬರ ಹೊಸ ಮನೆಯ ಗೃಹಪ್ರವೇಶವಿತ್ತು. ನಾವು ಕಾರು ನಿಲ್ಲಿಸಿ ಇಳಿಯುವಾಗಲೇ ಎದುರಿನಿಂದ ಇನ್ನೊಂದು ಕಾರು ಬಂತು. ಡ್ರೈವ್ ಮಾಡುತ್ತಿದ್ದವರು ಆಂಟಿ. ಪಕ್ಕದಲ್ಲಿ ಅಂಕಲ್, ಮಡಿಲಲ್ಲಿ ಸ್ಟೀಲಿನ ಪಾತ್ರೆ ಹಿಡಿದುಕೊಂಡು. ನನಗೆ ಅದು ವಿಚಿತ್ರವಾಗಿ ಕಂಡಿತು. ಆಂಟಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಫ್ರೀವೇ ಎಂದರೆ ಭಯ. ದಿನಸಿ ಅಂಗಡಿಗೂ ಅಂಕಲ್‌ರೇ ಬಿಡಬೇಕಿತ್ತು.

ಒಳಗೆ ಹೆಂಗಸರೆಲ್ಲ ಬಾಳೆ ಎಲೆ ಒರೆಸುತ್ತಿದ್ದಾಗ ಆಂಟಿಯೇ ಹೇಳಿದರು. "ಹಡಗಿಂದ ಬಂದ ಮೇಲೆ ಇವರು ಕಾರು ಮುಟ್ಟಿಲ್ಲ. ನನಗೆ ಮರೆವಿನ ಕಾಯಿಲೆ ಶುರುವಾಗಿದೆ, ಯಾರನ್ನಾದರೂ ಗುದ್ದಿದರೆ ಅಂತ ಹೆದರಿಕೆ. ಡಾಕ್ಟರು ಟೆಸ್ಟ್ ಮಾಡಿ ಎಂತದೂ ಇಲ್ಲ ಅಂದರು. ಇವರು ನಂಬುದಿಲ್ಲ. ಶುರುವಲ್ಲಿ ಟೆಸ್ಟಿಗೆ ಗೊತ್ತಾಗುದಿಲ್ಲ ಅಂತಾರೆ. ಅರವತ್ತನೇ ವಯಸ್ಸಲ್ಲಿ ನಾನು ಡ್ರೈವಿಂಗ್ ಕಲಿಯುವ ಹಾಗಾಯ್ತು ನೋಡು."

ಎಲೆ ಒರೆಸುವ ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ಆಂಟಿ ಮುಂದುವರಿಸಿದರು. ಡಲ್ಲಾಸ್‌ನಲ್ಲಿ ಮಗಳಿಗೆ ಮಗುವಾಗಿದೆ, ಹೆಣ್ಣು. ಮಗಳು ಕೆಲಸಕ್ಕೆ ಮರಳಬೇಕು, ಅಪ್ಪ ಅಮ್ಮ ಬಂದಿರಿ ಎನ್ನುತ್ತಾಳೆ. "ಹೋಗ್ತೇವೆ. ಆದರೆ ಮಗುವಿನ ಜೊತೆ ಒಬ್ಬರೇ ಕೂರುದಿಲ್ಲ ಇವರು. ನಾನು ಸ್ನಾನಕ್ಕೆ ಹೋದರೂ ಬಾಗಿಲು ಬಡೀತಾರೆ. ನಾನು ಇವಳನ್ನು ಎಲ್ಲಾದರೂ ಇಟ್ಟು ಮರೆತರೆ, ಅಂತಾರೆ."

ಹೊರಗೆ ಗಂಡಸರ ನಡುವೆ ಅಂಕಲ್ ಕುಳಿತಿದ್ದರು. ಯಾರೋ ಅವರನ್ನು ಏನೋ ಕೇಳಿದರು. ಅವರು ಉತ್ತರಿಸುವ ಮುನ್ನ ಆಂಟಿಯ ಕಡೆ ನೋಡಿದರು. ಒಂದು ಕಾಲಕ್ಕೆ ಕಣ್ಣು ಮುಚ್ಚಿ "ಮೂರನೇ ಸಾಲು" ಎನ್ನುತ್ತಿದ್ದ ಮನುಷ್ಯ.

ಮನೆಗೆ ಹೋಗುವ ದಾರಿಯಲ್ಲಿ, ಅನಘಾ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಾಗ, ಗುರುರಾಜ್‌ಗೆ ಎಲ್ಲವನ್ನೂ ಹೇಳಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಇಷ್ಟು ವರ್ಷ ಆತಲ್ಲ" ಎಂದರು ಕೊನೆಗೆ. "ಈಗ ಹೇಳಿದ್ರ ಯಾರಿಗ್ ಛಲೋ ಆಗ್ತದ? ನಿನ್ನ ಮನಸ್ಸಿಗಷ್ಟ ಹಗುರ ಆಗ್ತದ."

"ಅವರು ಮೊಮ್ಮಗಳನ್ನ ಎತ್ಕೊಳ್ಳೋಕೆ ಹೆದರ್ತಾರೆ ಗುರು."

ಅವರು ಕನ್ನಡಿಯಲ್ಲಿ ಮಲಗಿದ್ದ ಅನಘಾಳನ್ನು ನೋಡಿದರು. "ಹಂಗಿದ್ರ ಹೋಗಿ ಹೇಳು. ನಾ ಬರೂದಿಲ್ಲ. ನೀ ಒಬ್ಬಾಕೀನ ಹೋಗು."

ಮುಂದಿನ ಶನಿವಾರ ಬೆಳಿಗ್ಗೆ ಹೊರಟೆ. ಮೂರು ಗಂಟೆಗೂ ಮಿಕ್ಕ ದಾರಿ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೆ. ಚಳಿ, ಬೆರಳು, ಭಯ ಎಲ್ಲವೂ ಅದರಲ್ಲಿದ್ದವು. ಕ್ಲಿಯರ್ ಲೇಕ್‌ನ ಅವರ ಮನೆಯ ಬಾಗಿಲು ತೆರೆದು ಅಂಕಲ್ "ಓ, ಶೈಲಾ! ಬಾ ಬಾ" ಎಂದು ನಕ್ಕಾಗ ಜೋಡಿಸಿದ್ದೆಲ್ಲ ಉದುರಿಹೋಯಿತು. ಅಡುಗೆಮನೆಯ ಗೋಡೆಯ ಮೇಲೆ ಅವರ ಕೈಬರಹದ ಚೀಟಿಗಳಿದ್ದವು: ಗ್ಯಾಸ್ ಆರಿಸಿದ್ದೇ? ಹಿಂಬಾಗಿಲು?

ಆಂಟಿ ಕಾಫಿ ತಂದಿಟ್ಟರು. ನಾನು ಲೋಟ ಮುಟ್ಟಲಿಲ್ಲ. "ಅಂಕಲ್, ಆ ಫೈಲನ್ನ ನೀವು ಲೋಡ್ ಮಾಡಿದ್ರಿ. ನಾನು ಅಳಿಸಿದೆ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಮೊದಲಿಂದ ಹೇಳಿದೆ. ಹಾಳಾದ ಪ್ರೋಬ್, ನಕಲು ಮಾಡಿದ ಅಳತೆ, ಊಟದ ಹೊತ್ತು, ಅವರ ಕುರ್ಚಿ. ಹೇಳುವಾಗ ಚಳಿಯ ವಿಷಯ ಎತ್ತಲು ನಾಲಿಗೆ ಬರಲಿಲ್ಲ.

"ಪೆನ್ ಡ್ರೈವಲ್ಲಿ ಫೈಲು ಇತ್ತಾ?" ಎಂದರು ಅಂಕಲ್.

"ಇತ್ತು."

"ನಾನು ಹೆಸರು ಗಟ್ಟಿಯಾಗಿ ಓದಿದೆನಾ?"

"ಓದಿದ್ರಿ."

"ಅದು ಅದೇ ದಿನವಾ? ಚಹಾ ಕೊಟ್ಟ ದಿನವೇ?"

"ಅದೇ ದಿನ ಅಂಕಲ್. ಲೋಟ ನನ್ನ ಕೈಯಲ್ಲೇ ಇತ್ತು. ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ."

"ಇನ್ನೊಮ್ಮೆ ಹೇಳು" ಎಂದರು. ಹೇಳಿದೆ. "ಇನ್ನೊಮ್ಮೆ." ಹೇಳಿದೆ. ಮೂರನೆಯ ಸಲ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಒಂದೊಂದೇ ಮಾತಿಗೆ ತಲೆಯಾಡಿಸುತ್ತ, ತಮ್ಮೊಳಗೆ ಇದ್ದದ್ದರ ಜೊತೆ ಹೊಂದಿಸಿ ನೋಡುವವರ ಹಾಗೆ.

ಆಂಟಿಯ ದನಿ ಅಡುಗೆಮನೆಯ ಬಾಗಿಲಿನಿಂದ ಬಂತು. "ಇವರು ಕನ್ನಡಕ ಹುಡುಕಿದರೆ ನನಗೆ ಎದೆ ಧಸಕ್ ಅಂತಿತ್ತು. ಇವತ್ತು ಕನ್ನಡಕ, ನಾಳೆ ನನ್ನ ಹೆಸರು ಅಂತ. ಎಷ್ಟು ವರ್ಷ ಶೈಲಾ? ನಿನ್ನ ಮಗುವಿಗೆ ದೋಸೆ ಹುಯ್ದು ಕೊಟ್ಟವಳು ನಾನು." ಅಷ್ಟು ಹೇಳಿ ಅವರು ಒಳಗೆ ಹೋದರು. ನಲ್ಲಿ ತಿರುಗಿಸಿದ ಸದ್ದು ಬಂತು. ಬಹಳ ಹೊತ್ತು ನೀರು ಹರಿಯುತ್ತಲೇ ಇತ್ತು.

ಅಂಕಲ್ ಎದ್ದರು. ಒಂದು ಕೈ ಚಾಚಿದರು. "ಕೀ ಕೊಡು."

"ಏನಂಕಲ್?"

"ಕಾರಿನ ಕೀ. ವಾರಿಜಾಳ ಕಾರಿನ ಹಿಂದೆ ನಿನ್ನದು ನಿಂತುಂಟು. ಕೊಡು."

ಕೊಟ್ಟೆ. ಅವರು ಹೊರಗೆ ನಡೆದರು. ಹೋಗಬೇಕೋ ಬೇಡವೋ ತಿಳಿಯದೆ ನಾನು ಹಿಂದೆ ಹೋಗಿ ಪಕ್ಕದ ಸೀಟಿನಲ್ಲಿ ಕುಳಿತೆ. ಅವರು ಸೀಟನ್ನು ಹಿಂದಕ್ಕೆ ಸರಿಸಿದರು, ಕನ್ನಡಿ ತಿರುಗಿಸಿಕೊಂಡರು, ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಆಮೇಲೆ ರಿವರ್ಸ್ ತೆಗೆದರು. ಬೀದಿಯ ಕೊನೆಯ ಸ್ಟಾಪ್ ಸೈನಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನಿಂತರು, ಹಿಂದಿನವ ಹಾರ್ನ್ ಹೊಡೆದ. ಎಡಕ್ಕೆ ತಿರುಗಿ, ದೋಣಿಗಳು ನಿಂತಿರುವ ನೀರಿನ ಪಕ್ಕದ ರಸ್ತೆ ಹಿಡಿದರು. ಸೇತುವೆಯ ಮೇಲೆ ಹೋಗುವಾಗ ವೇಗ ಹೆಚ್ಚಿಸಿದರು. ಅವರ ಮುಖವನ್ನು ನೋಡುವ ಧೈರ್ಯ ನನಗಿರಲಿಲ್ಲ. ಕೈಗಳನ್ನು ನೋಡುತ್ತಿದ್ದೆ, ಅವು ಮೊದಮೊದಲು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದವು, ಆಮೇಲೆ ಸಡಿಲವಾದವು. ಮನೆಗೆ ಮರಳಿ, ಕಾರನ್ನು ರಸ್ತೆಯ ಬದಿಗೆ ನೇರವಾಗಿ ನಿಲ್ಲಿಸಿ, ಕೀಯನ್ನು ನನ್ನ ಕೈಗೆ ಕೊಡದೆ ಸೀಟಿನ ಮೇಲಿಟ್ಟು ಇಳಿದರು.

"ಹೆಲೆನ್‌ಗೆ ಬರಿ. ಕಂಪನಿಗೂ ಬರಿ. ನನಗೆ ಒಂದು ಕಾಪಿ ಕಳಿಸು" ಎಂದರು. ಬಾಗಿಲ ತನಕ ಹೋಗಿ ತಿರುಗಿದರು. "ಇನ್ನು ನೀನು ಇಲ್ಲಿಗೆ ಬರಬೇಡ."

ಮನೆ ತಲುಪುವ ಹೊತ್ತಿಗೆ ಧೈರ್ಯ ಹೋದೀತು ಎಂದು ದಾರಿಯಲ್ಲಿ ಒಂದು ಗ್ಯಾಸ್ ಸ್ಟೇ‍ಶನ್ನಿನಲ್ಲಿ ಕಾರು ನಿಲ್ಲಿಸಿ ಫೋನಿನಲ್ಲೇ ಇಬ್ಬರಿಗೂ ಬರೆದೆ, ಅಂಕಲ್‌ಗೆ ಕಾಪಿ ಕಳಿಸಿದೆ. ಹೆಲೆನ್ ನಾಲ್ಕು ಸಾಲಿನ ಉತ್ತರ ಬರೆದರು: ವರದಿಯನ್ನು ತಿದ್ದಿಸುತ್ತೇನೆ, ಸದಾನಂದ ಅವರಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ, ನಿಮ್ಮ ಜೊತೆ ಮತ್ತೆ ಕೆಲಸ ಮಾಡಲು ನನಗೆ ಇಷ್ಟವಿಲ್ಲ, ತಿಳಿಸಿದ್ದಕ್ಕೆ ವಂದನೆ. ಅದು ಬಾಯಿಂದ ಬಾಯಿಗೆ ಹೋಗಿ ಆಸ್ಟಿನ್‌ನ ನನ್ನ ಮ್ಯಾನೇಜರಿಗೂ ತಲುಪಿತು. ಈಗ ನಾನು ಮಾಡಿದ ಕೆಲಸವನ್ನು ಇನ್ನೊಬ್ಬರು ನೋಡಿದ ಮೇಲೆಯೇ ಮುಂದಕ್ಕೆ ಕಳಿಸುತ್ತಾರೆ. ಅದು ಸರಿಯೇ.

ಈ ವರ್ಷ ಯುಗಾದಿಗೆ ಅನಘಾಳನ್ನು ಕರೆದುಕೊಂಡು ಹ್ಯೂಸ್ಟನ್‌ನ ದೇವಸ್ಥಾನಕ್ಕೆ ಹೋಗಿದ್ದೆ. ಗುರುರಾಜ್ ಊರಲ್ಲಿರಲಿಲ್ಲ. ಪೂಜೆ ಮುಗಿಸಿ ಪಾರ್ಕಿಂಗ್ ಕಡೆ ಬರುವಾಗ, ಎರಡು ಸಾಲು ಆಚೆ ಅಂಕಲ್ ಕಂಡರು. ಪುಟ್ಟ ಹೆಣ್ಣುಮಗುವೊಂದನ್ನು ಕಂಕುಳಲ್ಲಿ ಎತ್ತಿಕೊಂಡಿದ್ದರು. ಜೊತೆಯಲ್ಲಿ ಆಂಟಿಯಿಲ್ಲ, ಮಗಳಿಲ್ಲ, ಯಾರೂ ಇಲ್ಲ. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಒಮ್ಮೆ ಎಳೆದು ನೋಡಿ, ಮುಂದೆ ಬಂದು ಡ್ರೈವರ್ ಸೀಟಿನಲ್ಲಿ ಕುಳಿತರು. ನಾನು ಗೊತ್ತಿಲ್ಲದೆಯೇ ಒಂದು ವ್ಯಾನಿನ ಹಿಂದೆ ಸರಿದು ತಲೆ ತಗ್ಗಿಸಿ ನಿಂತಿದ್ದೆ. ಅವರ ಕಾರು ಹೊರಗೆ ಹೋಗುವವರೆಗೂ ಹಾಗೆಯೇ ನಿಂತಿದ್ದೆ. ಸಂತೋಷವಾಯಿತು ಎಂದು ಬರೆಯಲು ಹೊರಟೆ. ಆ ಸಂತೋಷಕ್ಕೆ ನನಗೆ ಹಕ್ಕಿಲ್ಲ.

"ಅಮ್ಮಾ, ವೈ ಆರ್ ಯೂ ಹೈಡಿಂಗ್?" ಎಂದಳು ಅನಘಾ.

ಕಾರಿನಲ್ಲಿ ಕುಳಿತ ಮೇಲೆ ಅವಳಿಗೆ ಹೇಳಿದೆ. ಹತ್ತು ವರ್ಷದ ಮಗುವಿಗೆ ಅರ್ಥವಾಗುವ ಹಾಗೆ, ಆದರೆ ಒಂದನ್ನೂ ಬಿಡದೆ ಹೇಳಿದೆ. ನೀರುದೋಸೆಯ ಆಂಟಿ ಯಾಕೆ ನಮ್ಮ ಮನೆಗೆ ಬರುವುದಿಲ್ಲ ಎಂದೂ ಹೇಳಿದೆ. ಮುಗಿದ ಮೇಲೆ ಅವಳು ನನ್ನನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿ ಕುಳಿತಳು. ಅರ್ಧ ದಾರಿಯ ಬ್ರೆನಮ್ ಊರು ದಾಟಿದರೂ ಹಾಗೆಯೇ ಕುಳಿತಿದ್ದಳು.